ಹತ್ತರೊಳಗಿನ ತೂಕ

ಕೂಡಿಗೆ ರಸ್ತೆಯ ಕಾಫಿ ಕ್ಯೂರಿಂಗಿನ ಗೇಟಿನಲ್ಲಿ
ಹದಿನಾರು ವರ್ಷದಿಂದ ಲಾರಿ ತೂಗುತ್ತೇನೆ.
ತುಂಬಿ ಬಂದದ್ದು ಇಷ್ಟು, ಬರಿದಾಗಿ ಹೋದದ್ದು ಇಷ್ಟು,
ನಡುವೆ ಉಳಿದದ್ದಕ್ಕೆ ಚೀಟಿ.
ನಮ್ಮ ವೇಬ್ರಿಡ್ಜಿಗೆ ಹತ್ತು ಕಿಲೋದೊಳಗಿನದು ತಿಳಿಯದು:
ಕ್ಲೀನರನ ಚಪ್ಪಲಿ, ಡ್ರೈವರನ ಬುತ್ತಿ,
ಟಾರ್ಪಾಲಿನ ಮೇಲೆ ಕೂತೇ ಬಂದ ಕಾಗೆ
ಎಲ್ಲ ಅದರ ಪಾಲಿಗೆ ಸೊನ್ನೆ.

ಸುಬೇದಾರ್ ಕುಟ್ಟಯ್ಯನವರ ಬೈಕು ನನ್ನದಾದ ದಿನ
ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ,
ಕಬ್ಬಿಣದ ಹಾಸಿನ ನಡುವೆ ಸ್ಟ್ಯಾಂಡ್ ಹಾಕಿ ಇಳಿದೆ.
ಇನ್ನೂರು.
ಚೀಟಿಯಲ್ಲಿ ‘ಮಾಲು’ ಎಂಬಲ್ಲಿ ಏನು ಬರೆಯಲಿ?
ಖಾಲಿ ಬಿಟ್ಟೆ.

ಟ್ಯಾಂಕಿನ ಎಡಕ್ಕೆ ಖರ್ದುಂಗ್‌ಲಾದ ಸ್ಟಿಕ್ಕರ್ ಇತ್ತು.
ಬಂಕಿನ ಹುಡುಗ ಕೇಳಿದ, "ಲಡಾಖಿಗೆ ಹೋಗಿದ್ರಾ ಮೇಡಂ?"
ಪಿರಿಯಾಪಟ್ಟಣ ದಾಟಿ ಗಾಡಿ ಓಡಿಸಿದವಳಲ್ಲ ನಾನು.
ಆ ರಾತ್ರಿ ತೆಂಗಿನೆಣ್ಣೆ ಸವರಿ ಉಗುರಿನಿಂದ ಕೆರೆದು ಕಿತ್ತೆ.
ಅಂಟು ಹೋಯಿತು. ಅಡಿಯಲ್ಲಿ ಬಿಸಿಲು ಕಾಣದ ಬಣ್ಣ
ಅಂಗೈಯಗಲ, ಚೌಕವಾಗಿ, ಹೊಚ್ಚಹೊಸದು.
ಅವರ ಎತ್ತರ, ಅವರ ಚಳಿ.
ಅದನ್ನು ಕೀಳುವ ಎಣ್ಣೆ ನನ್ನಲ್ಲಿರಲಿಲ್ಲ.

ನೆಲ್ಲಿಹುದಿಕೇರಿಯ ಮೊಯ್ದು ನನ್ನನ್ನು ಸೀಟಿನ ಮೇಲೆ ಕೂರಿಸಿ
ಹಿಮ್ಮಡಿಯ ಕೆಳಗೆ ಮೂರು ಬೆರಳು ತೂರಿಸಿದ.
"ಇಷ್ಟು ಗಾಳಿ ಇದೆ ಲಲಿತಾಕ್ಷಕ್ಕ. ತೆಗೆಯೋಣ."
ಸ್ಪಂಜನ್ನು ಬ್ರೆಡ್ಡಿನ ಹಾಗೆ ಕೊಯ್ದ.
ಹ್ಯಾಂಡಲ್ ಒಂದಿಂಚು ಮೇಲೆ, ನನ್ನ ಕಡೆಗೆ ಎರಡು ನೂಲು,
ಕ್ಲಚ್ಚು ಗಿಡ್ಡ ಬೆರಳಿಗೆ ಸಿಗುವಷ್ಟು ಒಳಗೆ.
ಮಿಲಿಟರಿ ಟ್ರಂಕೊಂದನ್ನು ಸೀಳಿ, ಬೆಸೆದು, ಎರಡು ಪೆಟ್ಟಿಗೆ.
"ಸೈಲೆನ್ಸರ್ ಬದಲಿಸ್ಲಾ? ಗುಡುಗುತ್ತೆ."
ಬೇಡ ಮಾರಾಯ, ದಿನವಿಡೀ ಲಾರಿ ಕೇಳಿದ ಕಿವಿ ಇದು.
ಮಂಜಿಗೆಂದು ಹಳದಿ ದೀಪ ಮಾತ್ರ ಹಾಕಿಸಿದೆ.

ಹಾಕಿಸಿದ ರಾತ್ರಿಯೇ, ವಾಲ್ನೂರಿನ ತಿರುವಿನಲ್ಲಿ,
ಬೆಳಕು ಹೋಗಿ ತಾಗಿದ್ದು ರಸ್ತೆಗಲ್ಲ, ಒಂದು ಮಂಡಿಗೆ.
ಮಂಡಿಯ ಮೇಲೆ ಇನ್ನೂ ಬಹಳ ಇತ್ತು.
ಸ್ವಿಚ್ಚು ಬಲಗಡೆ. ಒತ್ತಬೇಕಾದರೆ ಬ್ರೇಕು ಬಿಡಬೇಕು,
ಬ್ರೇಕು ಬಿಟ್ಟರೆ ಇಳಿಜಾರು.
ಆ ಗಳಿಗೆಯಲ್ಲೂ ಹಾಳು ಅಭ್ಯಾಸ, ಅಂದಾಜಿಸಿದೆ:
ಮೂರು ಟನ್ನಿಗೆ ಮೋಸವಿಲ್ಲ.
ಅದು ನನ್ನನ್ನು ಎಷ್ಟೆಂದು ತೂಗಿತೋ,
ಕಿವಿ ಬೀಸಿ, ಸೋಲಾರ್ ಬೇಲಿಯ ಕಂಬ ಮಲಗಿಸಿ
ಯಾರದೋ ರೊಬಸ್ಟಾದೊಳಗೆ ಇಳಿದುಹೋಯಿತು.
ಗಿಡ ಮುರಿಯುವ ಸದ್ದು ಮುಗಿಯುವವರೆಗೂ ಬ್ರೇಕು ಹಿಡಿದೇ ಇದ್ದೆ.

ಮರುದಿನ ಸ್ವಿಚ್ಚು ಎಡ ಹೆಬ್ಬೆರಳ ಕೆಳಗೆ ಬಂತು.
ಯಾರನ್ನೂ ಕೇಳದೆ ನಾನೇ ಮಾಡಿಸಿದ ಬದಲಾವಣೆ ಅದೊಂದೇ.
ತೂಗಿದರೆ ಕಾಗೆಗಿಂತ ಕಡಿಮೆ.

ಫೆಬ್ರವರಿಯಲ್ಲಿ ಪಿಕಪ್ಪಿನಲ್ಲಿ ಚೆರಿ ಹೇರಿಕೊಂಡು ಕುಟ್ಟಯ್ಯ ಬಂದರು.
ತೂಕವಾಯಿತು. ಚೀಟಿಗೆ ಕೈಚಾಚದೆ ಶೆಡ್ಡಿನತ್ತ ನಡೆದರು.
ಪರೇಡಿನಲ್ಲಿ ತಪಾಸಣೆಗೆ ಬಂದವರಂತೆ ಒಂದು ಸುತ್ತು,
ಹ್ಯಾಂಡಲ್ ಅಲುಗಿಸಿದರು, ಪೆಟ್ಟಿಗೆ ಬಡಿದು ನೋಡಿದರು.
"ಪೂರಾ ಕೆಡಿಸಿಟ್ಟಿದ್ದೀಯಲ್ಲಮ್ಮ."
ಟ್ಯಾಂಕಿನ ಚೌಕದ ಮೇಲೆ ಬೆರಳಾಡಿತು, ಅದಕ್ಕೆ ಏನೂ ಅನ್ನಲಿಲ್ಲ.
ಆಮೇಲೆ, ಮಡಚಲು ಒಲ್ಲದ ಬಲಗಾಲನ್ನು ಕೈಯಲ್ಲೆತ್ತಿ
ಆಚೆ ದಾಟಿಸಿ, ಕೂತರು.
ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವು.
ಕೆಳಗೆ ನೋಡಿಕೊಂಡರು, ನನ್ನನ್ನು ನೋಡಿದರು.
ಮಾರಿದ್ದು ಆ ಮೂರು ಬೆರಳ ಗಾಳಿಗೆ
ಎಂದು ಇಬ್ಬರಿಗೂ ಆಗಲೇ ತಿಳಿದದ್ದು.

ಮಗುವಿನ ಹಾಗೆ ಕಾಲಲ್ಲೇ ತಳ್ಳಿಕೊಂಡು ಹಾಸಿನ ಮೇಲೆ ಬಂದರು.
"ತೂಗು."
"ಇಳಿಯಿರಿ, ಮೊದಲು ಗಾಡಿ ತೂಗ್ತೀನಿ."
"ಹೀಗೇ ತೂಗು."
ಮುನ್ನೂರು.
"ನನ್ನದೆಷ್ಟು ಇದರಲ್ಲಿ?"
"ಇಳಿದರೆ ಹೇಳಬಹುದು."
ಇಳಿಯಲಿಲ್ಲ. ಹಿಂದೆ ಹುಣಸೂರಿನ ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು.
ಬರೀ ಒಟ್ಟು ತೂಕದ ಚೀಟಿ ಹರಿದು ಕೊಟ್ಟೆ.
ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು.
ಕಾಫಿಯ ಚೀಟಿ ಕಿಟಕಿಯಲ್ಲೇ ಉಳಿಯಿತು.