ಒಂದು ಕಡ್ಡಿ ನೆನಪು

ಕಾರಾಕೋಲಿನ ಸಂತೆಯಲ್ಲಿ ನನ್ನದು ಅರ್ಧ ಕಂಟೇನರು.
ಉಳಿದರ್ಧದಲ್ಲಿ ತೋಲ್ಕುನ್ ಕಾಲುಚೀಲ ಮಾರುತ್ತಾಳೆ.
ನಡುವೆ ಇಳಿಬಿಟ್ಟ ಕಂಬಳಿಯೇ ಗೋಡೆ;
ಆಚೆಯ ಚೌಕಾಸಿ ಈಚೆಗೆ, ಈಚೆಯ ಬೈಗುಳ ಆಚೆಗೆ.

ಬುರುಲ್ಚಾ ಎಜೆ ಅದನ್ನು ತಂದದ್ದು
ಜೀನಿನ ಕೆಳಗೆ ಹಾಸುವ ಉಣ್ಣೆಯಲ್ಲಿ ಸುತ್ತಿ,
ಹಸುಗೂಸನ್ನೋ ಕದ್ದ ಮಾಲನ್ನೋ ತಂದ ಹಾಗೆ.
ಬಿಚ್ಚಿದರೆ ಬೂದು ಬಣ್ಣದ ಮುದಿ ಲ್ಯಾಪ್‌ಟಾಪು.
ಮುರಿದ ಕೀಲಿಗೆ ತಂತಿ ಬಿಗಿದಿತ್ತು,
ಉದುರಿದ ಒಂದು ಅಕ್ಷರದ ಜಾಗದಲ್ಲಿ ಅಂಗಿಯ ಗುಂಡಿ.

"ಮಂಗಳವಾರದಿಂದ ಮಾತಾಡುತ್ತಿಲ್ಲ," ಅಂದಳು.
ಒತ್ತಿದೆ. ಫ್ಯಾನು ಒಮ್ಮೆ ಮುಲುಗಿತು,
ಹಸಿರು ದೀಪ, ಮೂರು ಸಲ ಬೀಪು,
ಆಮೇಲೆ ಜಪ್ಪಯ್ಯ ಅಂದರೂ ಇಲ್ಲ.

ಹೊಸದು ಕೊಳ್ಳಿ ಎಜೆ, ಅನ್ನುವವನಿದ್ದೆ.
ಅಷ್ಟರಲ್ಲಿ ಅವಳೇ ಶುರುಮಾಡಿದಳು:
ಕಣಿವೆಯ ಮೇಲಿನ ಹವಾಮಾನದ ಚೌಕಿ,
ಮೂವತ್ತೊಂದು ಚಳಿಗಾಲ,
ದಿನಾ ಬೆಳಗ್ಗೆ ಏಳಕ್ಕೆ ಕೋಲು ನೆಟ್ಟು ಹಿಮ ಅಳೆದದ್ದು.
ಚೌಕಿ ಮುಚ್ಚಿತು. ಸಂಬಳ ನಿಂತಿತು. ಕೋಲು ನಿಲ್ಲಲಿಲ್ಲ.
ಅಷ್ಟೂ ಪುಸ್ತಕ ಇದರೊಳಗೆ
ಒಂದೇ ಬೆರಳಲ್ಲಿ ಕುಟ್ಟಿ ತುಂಬಿದ್ದು.

"ಪುಸ್ತಕಗಳು?"
"ಒಂದು ಜನವರಿಯಲ್ಲಿ ಕಲ್ಲಿದ್ದಲು ತೀರಿತ್ತು."
ಸ್ವಲ್ಪ ತಡೆದು,
"ಚೆನ್ನಾಗಿ ಉರಿದವು. ಹಳೇ ಕಾಗದ."

ಇನ್ನು ಹೊಸದು ಕೊಳ್ಳಿ ಅನ್ನುವುದು ಹೇಗೆ?
ಹನ್ನೊಂದು ತಿರುಪು ಬಿಚ್ಚಿ ಬಾಟಲಿಯ ಮುಚ್ಚಳದಲ್ಲಿಟ್ಟೆ.
ಫ್ಯಾನಿನೊಳಗೆ ಬೆಕ್ಕಿನ ಕೂದಲು, ಒಂದು ಬಾರ್ಲಿ ಕಾಳು,
ಯಾವುದೋ ಬೇಸಗೆಯ ನೊಣ.
ಬ್ಯಾಟರಿ ಕಳಚಿ ಗುಂಡಿಯನ್ನು ಅರವತ್ತು ಎಣಿಸುವ ತನಕ ಒತ್ತಿ ಹಿಡಿದೆ:
ಹಳೆಯ ವಿದ್ಯುತ್ತು ಒಳಗೆಲ್ಲೋ ಮುನಿಸಿನ ಹಾಗೆ ಕೂತಿರುತ್ತದೆ,
ಮೊದಲು ಅದು ಇಳಿಯಬೇಕು.

ಮೆಮೊರಿ ಕಡ್ಡಿಗಳು ಎರಡು.
ತೋಲ್ಕುನ್‌ಳ ಮಗಳ ರಬ್ಬರು ಕಡ ತಂದು
ಚಿನ್ನದ ಹಲ್ಲುಗಳನ್ನು ಉಜ್ಜಿದೆ.
ಎರಡನ್ನೂ ಸಿಕ್ಕಿಸಿದೆ: ಮೂರು ಬೀಪು.
ಮೊದಲನೆಯದೊಂದೇ: ಮೂರು ಬೀಪು.
ಎರಡನೆಯದೊಂದೇ:
ಸದ್ದಿಲ್ಲ.
ಎಜೆಯ ಮುಖ ಇಳಿಯಿತು. ನಾನು ನಕ್ಕೆ,
ಈ ಕಸುಬಿನಲ್ಲಿ ಕೆಲವು ಮೌನ ಒಳ್ಳೆಯ ಸುದ್ದಿ.

ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಮೂಡಿತು:
ಜನವರಿ ಒಂದು, ಎರಡು ಸಾವಿರದ ಎರಡು.
ಒಳಗಿನ ಬಿಲ್ಲೆ ಸೆಲ್ಲು ಸತ್ತು ಗಡಿಯಾರ ಮೊದಲಿಗೇ ಮರಳಿದೆ.
ಇದರ ಪ್ರಕಾರ ನಾನಿನ್ನೂ ಎರಡನೇ ಕ್ಲಾಸು,
ತೋಲ್ಕುನ್‌ಗೆ ಮದುವೆಯೇ ಆಗಿಲ್ಲ, ಅಂದೆ.
"ಹಾಗಾದರೆ ಅದನ್ನ ಅಲ್ಲೇ ನಿಲ್ಲಿಸು ಮಾರಾಯ!"
ಕಂಬಳಿಯೇ ಮಾತಾಡಿತು.

ಪಾಸ್‌ವರ್ಡ್ ಕೇಳಿತು.
"ನನಗೆ ಗೊತ್ತಿಲ್ಲ," ಅಂದಳು ಎಜೆ.
ಕೈಗವಸು ತೆಗೆದಳು. "ಬಾಯಿಗೆ ಗೊತ್ತಿಲ್ಲ. ತಾ ಇಲ್ಲಿ."
ಕಣ್ಣು ಬಾಗಿಲ ಕಡೆ,
ಬೆರಳು ಅಲ್ಲೆರಡು, ಇಲ್ಲೊಂದು,
ಕೊನೆಗೆ ಅಂಗಿಯ ಗುಂಡಿ.
ತೆರೆಯಿತು.

ಮೂವತ್ತೊಂದು ಚಳಿಗಾಲ ಸಾಲುಸಾಲಾಗಿ ಬಂದು ನಿಂತರೂ
ಅವಳು ಒಂದನ್ನೂ ನೋಡಲಿಲ್ಲ.
ಸರಸರ ಕೆಳಗಿಳಿದು, ತುತ್ತತುದಿಗೆ ಹೋಗಿ,
ಜೇಬಿನಿಂದ ಚಹಾ ಪೊಟ್ಟಣದ ಚೂರು ತೆಗೆದು ಕುಟ್ಟಿದಳು:
ಹದಿನಾಲ್ಕು. ಹದಿನಾಲ್ಕು. ಹತ್ತೊಂಬತ್ತು.
ಇಪ್ಪತ್ತೆರಡು. ಇಪ್ಪತ್ತೊಂದು.

"ಇವತ್ತಿನದು?"
"ಮೊದಲನೇ ಬಸ್ಸು ಆರೂವರೆಗೆ. ಅಳೆಯಲಿಲ್ಲ."
"ಇಪ್ಪತ್ತು ಅಂತ ಹಾಕಿ ಎಜೆ, ಯಾರು ನೋಡುತ್ತಾರೆ?"
ಉಪ್ಪು ಕದ್ದವನನ್ನು ನೋಡುವಂತೆ ನನ್ನನ್ನು ನೋಡಿದಳು.
ಒಂದು ಅಡ್ಡಗೀಟು ಎಳೆದಳು, ಮುಚ್ಚಿದಳು.

ಪೆನ್‌ಡ್ರೈವಿಗೆ ಒಂದು ನಕಲು ಹಾಕಿಕೊಟ್ಟೆ.
"ಇದು ಉರಿಯುವುದಿಲ್ಲ ತಾನೇ?"
"ಉರಿಯುತ್ತೆ. ಬರೀ ವಾಸನೆ, ಶಾಖ ಇಲ್ಲ."
ಐನೂರು ಕೇಳಿದ್ದಕ್ಕೆ ಇನ್ನೂರು ಸೋಮ್ ಎಣಿಸಿ,
ಮಿಕ್ಕಿದ್ದಕ್ಕೆ ಒಂದು ಚೀಲ ಕುರುತ್ ಇಟ್ಟು ಹೋದಳು.
ಕಲ್ಲಿನಂಥ ಮೊಸರಿನುಂಡೆ, ಹಲ್ಲಿಗೇ ಸವಾಲು.

ಸಂಜೆ ಕದ ಎಳೆಯುವಾಗ
ಕಂಟೇನರಿನ ನೆತ್ತಿಯ ಹಿಮಕ್ಕೆ ಸ್ಕ್ರೂಡ್ರೈವರು ಚುಚ್ಚಿದೆ.
ಹಿಡಿಯ ತನಕ ಹೂತಿತು.
ಬರೆದುಕೊಳ್ಳಲಿಲ್ಲ:
ಗಂಟೆ ಆರೂ ಕಾಲು, ಅದೂ ಸಂಜೆಯದು.