ಹದಿನೇಳನೇ ಗುಂಡಿ

ಬಯಲಿನ ಧೂಳು ಕರಿಹಲಗೆಯವರೆಗೂ ಬಂದ ವರ್ಷ
ಹದಿನಾರು ಗುಂಡಿ ಸಲೀಸಾಗಿ ತೋಡಿದೆವು.
ಹದಿನೇಳನೆಯದಕ್ಕೆ ಹಾರೆ ಠಣ್ ಅಂತು.
ಗೇಣು ಕೆಳಗೇ ಫರ್ಸಿ.

"ಇದು ಬ್ಯಾಡ್ರಿ ಸರ, ಆಕಡಿ ತೋಡಮ್ರಿ" ಎಂದ ಲಾಡ್ಲೇಸಾಬ.
ಜಗದೇವಿ ಏಳಲಿಲ್ಲ.
ಹಾಜರಿಯಲ್ಲಿ ಅವಳ ನಂಬರು ಹದಿನೇಳು.

ಮರುದಿನ ಅವಳಪ್ಪ ಬಂದ, ಚೀಲದಲ್ಲಿ ಉಳಿ, ಸುತ್ತಿಗೆ.
ಶಹಾಬಾದಿನ ಖಣಿಗೆ ಅಂದು ರಜೆ.
ಇಪ್ಪತ್ತು ವರ್ಷ ಪದರ ಪದರ ಎಬ್ಬಿಸಿ
ಯಾರ್ಯಾರದೋ ಪಡಸಾಲೆಗೆ ತಂಪು ಕಳಿಸಿದವನು
ಕಲ್ಲಿಗೆ ಕಿವಿಯಿಟ್ಟು ತಟ್ಟಿದ.
"ಇಲ್ಲಿ ನರ ಅದ" ಅಂದ.
ಸೀಳಿತು. ಒಳಗೆ, ಸುಳ್ಳಲ್ಲ,
ತುಸು ತೇವ.

ಇಲಾಖೆ ಕೊಟ್ಟ ಬೇವು, ಕಿರುಬೆರಳ ದಪ್ಪ.
ಸುತ್ತ ಜಾಲಿಮುಳ್ಳು; ಆಡಿಗೆ ಅದೂ ಲೆಕ್ಕಕ್ಕಿಲ್ಲ.
ಬಿಸಿಯೂಟದ ತಾಟು ತೊಳೆದ ನೀರು ಸರದಿಯ ಮೇಲೆ,
ಹಾಗಾಗಿ ನಮ್ಮ ಗಿಡಗಳಿಗೆಲ್ಲ ತೊಗರಿಬೇಳೆಯ ವಾಸನೆ.

ಎರಡನೇ ಏಪ್ರಿಲ್.
ಸಲೀಸು ಗುಂಡಿಗಳಲ್ಲಿ ಒಂಬತ್ತು ಬರೀ ಕಡ್ಡಿ.
ಹಾಜರಿ ಕೂಗುತ್ತೇನೆ. ಹದಿನೇಳು ಅಂದರೆ
ಜಗದೇವಿ "ಹಾಜರ್ ಸರ" ಅನ್ನುವ ಮೊದಲು
ಒಮ್ಮೆ ಕಿಟಕಿಯಾಚೆ ನೋಡುತ್ತಾಳೆ.

ಮಟಮಟ ಮಧ್ಯಾಹ್ನ
ಅಲ್ಲೊಂದು ಬುಟ್ಟಿಯಷ್ಟು ನೆರಳು.
ಸುಡದಿರಲೆಂದು ಅದರಲ್ಲಿ ಯಾರೋ
ಚಪ್ಪಲಿ ಬಿಟ್ಟಿದ್ದಾರೆ.