ಲೈನ್ ಕ್ಲಿಯರ್

ಮಂಡಕ್ಕಿ ಭಟ್ಟಿಯ ಮೂರನೇ ಅಡ್ಡರಸ್ತೆ.
ಹನ್ನೊಂದು ಕೆವಿ ತಂತಿಯ ಕೆಳಗೆ, ಸರಿಯಾಗಿ ಕೆಳಗೆ,
ಇಡೀ ದಾವಣಗೆರೆಯಲ್ಲಿ ಬೇರೆಲ್ಲೂ ಜಾಗವಿಲ್ಲದಂತೆ
ಖಮರುನ್ನೀಸಾ ನೆಟ್ಟಿದ್ದಳು ಹೊಳೆದಾಸವಾಳ.

ನಾನು ಮೊದಲ ವರ್ಷವೇ ಹೇಳಿದ್ದೆ:
ಅಕ್ಕಾ, ಇದು ಬೆಳೆದರೆ ನನ್ನ ಕೈಗೇ ಬರೋದು.
ಅವಳು ಚೊಂಬು ಕೆಳಗಿಟ್ಟು ತಂತಿ ನೋಡಿದಳು.
"ಮೊದಲು ಬೆಳೀಲಿ ಬಿಡಪ. ಜಗಳ ಆಮೇಲೆ ಆಡೋಣಂತೆ."

ಅಗೆದರೆ ಎರೆಮಣ್ಣು; ಮಳೆಗೆ ಅಂಟು,
ಬೇಸಿಗೆಗೆ ಬೆರಳು ತೂರುವಷ್ಟು ಬಿರುಕು.
ಬೇರು ಕೊಳೆಯಬಾರದೆಂದು
ಭಟ್ಟಿಯಲ್ಲಿ ಹುರಿದೂ ಹುರಿದೂ ಸತ್ತ ಮರಳನ್ನು
ಸೆರಗಲ್ಲಿ ತಂದು ಕಲಸಿದಳು.
ಹೊಟ್ಟಿನ ಬೂದಿ ಒಂದು ಹಿಡಿ, ಹೆಚ್ಚಿಲ್ಲ;
ಹೆಚ್ಚಾದರೆ ಎಲೆ ಹಳದಿ ತಿರುಗುತ್ತದೆಂದು
ಯಾರು ಹೇಳಿದರೋ, ಎರಡು ಗಿಡ ಕೊಂದೇ ಕಲಿತಳೋ.

ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ.
ಅಕ್ಕಿ ತೊಳೆದದ್ದು, ವಜೂ ಮಾಡಿದ್ದು,
ಪಾತಿಗೆ ಹೋಗದ ನೀರೇ ಆ ಮನೆಯಲ್ಲಿಲ್ಲ.
ಮಸಿ ಮಾತ್ರ ದಿನವೂ ಬರುತ್ತಿತ್ತು, ಮಸಿಗೆ ಸರದಿಯಿಲ್ಲ.
ಗುರುವಾರ ಸಂಜೆ ಒದ್ದೆ ಬಟ್ಟೆ ಹಿಡಿದು
ಎಲೆಯ ಬೆನ್ನು, ಎಲೆಯ ಹೊಟ್ಟೆ ಒಂದೊಂದೇ ಒರೆಸುವಳು,
ಶುಕ್ರವಾರಕ್ಕೆ ಮಕ್ಕಳ ಮುಖ ತೊಳೆಸಿದ ಹಾಗೆ.
ಗಿಡ ತಲೆ ಮೀರಿದ ಮೇಲೆ ಸ್ಟೂಲು,
ಸ್ಟೂಲು ಮೀರಿದ ಮೇಲೆ ಮಳೆ.

ಐದನೇ ವರ್ಷ, ಪುಷ್ಯದ ಗಾಳಿಗೆ
ಕೊಂಬೆ ತಂತಿಗೆ ತಾಗಿ ರಾತ್ರಿ ಕಿಡಿ ಹಾರಿ
ಅರ್ಧ ಏರಿಯಾ ಕತ್ತಲು.
ಕಂಪ್ಲೇಂಟು ಪುಸ್ತಕದ ಇಡೀ ಪುಟಕ್ಕೆ ಒಂದೇ ಮರ.
ಬೆಳಿಗ್ಗೆ ಸ್ಟೇಷನ್ನಿಂದ ಲೈನ್ ಕ್ಲಿಯರ್ ತಗೊಂಡು
ಏಣಿ ಹಾಕಿದೆ.
ಅವಳು ಬೈಯಲಿಲ್ಲ. ಬಾಗಿಲು ಹಾಕಿಕೊಂಡಳು.
ಬೈದಿದ್ದರೆ ಎರಡು ಕೊಂಬೆ ಉಳಿಸುತ್ತಿದ್ದೆನೇನೋ.
ಮಚ್ಚಿಗೆ ಸಿಕ್ಕಿದ್ದೆಲ್ಲ ಕಡಿದು ಇಳಿದು ನೋಡಿದರೆ
ಮುಷ್ಟಿ ಬಿಗಿದ ನಾಲ್ಕು ಮೋಟುಗೈ.

ಆಮೇಲೆ ಆ ರಸ್ತೆಗೆ ಫ್ಯೂಸು ಹಾಕಲು ಹುಡುಗನನ್ನು ಕಳಿಸುತ್ತಿದ್ದೆ.

ವೈಶಾಖ. ಒಂದೇ ಒಂದು ಅಡ್ಡಮಳೆ ಆಗಿತ್ತು.
ಜಂಪರು ಕಟ್ಟಲು ಪಕ್ಕದ ರಸ್ತೆಯ ಕಂಬ ಹತ್ತಿದ್ದೆ.
ಮೇಲಿಂದ ತಗಡು, ಹೊಗೆ ಕೊಳವೆ, ತಗಡು,
ಒಣಹಾಕಿದ ಭತ್ತ, ಮತ್ತೆ ತಗಡು,
ನಡುವೆ ನೇರಳೆ.
ಇಷ್ಟು ನೇರಳೆಗೆ ಪರವಾನಗಿ ಕೊಟ್ಟವರು ಯಾರು ಅನ್ನುವಷ್ಟು.
ಮುಷ್ಟಿ ಬಿಚ್ಚಿ ಹತ್ತತ್ತು ಹೊಸ ಕಡ್ಡಿ,
ಕಡ್ಡಿಯ ತುದಿಗೊಂದು ಗೊಂಚಲು,
ಇಸ್ತ್ರಿ ಕಾಣದ ಬಟ್ಟೆಯಂತೆ ಸುಕ್ಕುಸುಕ್ಕು ದಳ.

ಇಳಿದು ಹೋದೆ. ಬಾಗಿಲು ತೆರೆದಿತ್ತು.
"ಹೊಸ ಕಡ್ಡಿಗೇ ಹೂವಂತೆ ಇದಕ್ಕೆ.
ನಂಗೆ ಗೊತ್ತಿರಲಿಲ್ಲ. ನಿಂಗೆ?"
ಗೊತ್ತಿತ್ತು ಎಂದುಬಿಡಬಹುದಿತ್ತು.
ಕಣ್ಣು ಕಡಿದ ಜಾಗಕ್ಕೆ ಹೋಯಿತು:
ಗಾಯಗಾಯಕ್ಕೂ ಒಣಗಿದ ಸಗಣಿ, ಮೇಲೆ ಚಿಂದಿಯ ಕಟ್ಟು.
ಯಾರ ಏಣಿ ಬೇಡಿ ಹತ್ತಿದಳೋ ಆ ಸಂಜೆ.

"ಪುಷ್ಯಕ್ಕೆ ಬಾ," ಅಂದಳು. "ಮಚ್ಚು ಬೇಡ, ಗರಗಸ ತಾ.
ಓರೆಯಾಗಿ ಕೊಯ್ಯಿ. ಕೊಯ್ದಲ್ಲಿ ನೀರು ನಿಲ್ಲಬಾರದು."

ನನ್ನ ಚೀಲದಲ್ಲಿ ಪ್ಲೈಯರು, ಟೆಸ್ಟರು, ರಬ್ಬರಿನ ಕೈಗವಸು,
ಈಗ ಗೋಣಿತುಂಡಲ್ಲಿ ಸುತ್ತಿದ ಗರಗಸ.
ಇಲಾಖೆಯ ಲೆಕ್ಕದಲ್ಲಿ ಅದಿಲ್ಲ.